ನಾಲ್ಕು ಜನ

೧೨-೬-೮೯

ಅಕ್ಕ,

ಇಳಿಜಾರಿನ ತಿರುವಿನಲ್ಲಿ ನಾನು ಮರೆಯಾಗುವ ಹೊತ್ತಿಗೆ ಭಾವ ಹಿಂದಿನಿಂದ ಏನೋ ಕೂಗಿದರಲ್ಲ, ಅದೇನು? "ಮೇಲೆ ಇರೋದು..." ಎಂದು ಶುರುವಾದದ್ದು ಕೇಳಿಸಿತು. ಉಳಿದದ್ದನ್ನು ಗಾಳಿ ಹೊತ್ತುಕೊಂಡು ಹೋಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ವಾಕ್ಯವನ್ನು ನಾನೇ ಪೂರ್ತಿ ಮಾಡಲು ನೋಡಿದೆ. ಮೇಲೆ ಇರುವುದು ಕೆಳಗಿನವರಿಗೆ ಕಾಣುವುದಿಲ್ಲ. ಮೇಲೆ ಇರುವುದು ಒಂದು ದಿನ ಇಳಿಯಲೇಬೇಕು. ಯಾವುದೂ ಭಾವನ ಬಾಯಿಗೆ ಒಪ್ಪುವಂತಿಲ್ಲ. ಕೇಳಿ ಬರೆ.

ಬಂದ ಮರುದಿನವೇ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತೆ. ಎಷ್ಟೊಂದು ಊರುಗಳು ನನ್ನ ಬಾಯಿಂದ ಹೊರಟು ಹೋಗುತ್ತವೆ. ಕೆಲವನ್ನು ನಾನು ನೋಡಿಯೂ ಇಲ್ಲ, ಆದರೂ ಅವು ಎಷ್ಟು ಹೊತ್ತಿಗೆ ಹೊರಡುತ್ತವೆ ಎಂದು ಬಲ್ಲೆ. ನಮ್ಮೂರನ್ನು ಒಂದು ಸಲವೂ ಕೂಗಿಲ್ಲ ಎನ್ನುವುದು ಈ ಸಲ ಯಾಕೋ ಮನಸ್ಸಿಗೆ ಹತ್ತಿತು. ಊಟದ ಬಿಡುವಿನಲ್ಲಿ ಮಾರ್ಗ ವಿಭಾಗದ ಗುಮಾಸ್ತರ ಮೇಜಿನ ಮುಂದೆ ಹೋಗಿ ನಿಂತೆ.

"ರಸ್ತೆ ಇದೆಯೇನ್ರೀ?" ಎಂದರು.

"ಸೇತುವೆ ತನಕ ಇದೆ ಸಾರ್. ಅಲ್ಲಿಂದ ಕಾಲುದಾರಿ."

"ಮತ್ತೆ ಬಸ್ಸನ್ನ ಹೇಗ್ರೀ ಬಿಡೋದು, ಎತ್ತಿ ಎಸೆಯೋದಾ?"

"ರಸ್ತೆ ಯಾಕಿಲ್ಲ ಅಂತಲೇ ಕೇಳ್ತಿದ್ದೀನಿ."

"ಜನ ಎಷ್ಟಿದ್ದಾರೆ?"

ನಾನು ನಮ್ಮ ಚಿಕ್ಕಂದಿನ ಲೆಕ್ಕ ಹೇಳಿದೆ. ಆಗಿನ ಮನೆಗಳೆಲ್ಲ ಕಣ್ಣಮುಂದೆ ಬಾಗಿಲು ತೆರೆದೇ ಇದ್ದವು. ಇಂತಿಷ್ಟು ತಲೆ ಇದ್ದರೆ ಮಾತ್ರ ರಸ್ತೆ ಕೊಡುತ್ತಾರಂತೆ. ಮಳೆ ನಿಂತ ಮೇಲೆ ಎಣಿಸಲು ಒಬ್ಬರನ್ನು ಕಳಿಸುತ್ತಾರಂತೆ. ಅರ್ಜಿ ಕೊಟ್ಟು ಬಂದಿದ್ದೇನೆ.

ಭಾವನ ಅಂಗಾಲಿಗೆ ಮೊಳೆ ಚುಚ್ಚಿದ್ದು ಮಾಯಿತೇ? ನಾನು ಕೇಳಿದಾಗ "ಬಡಗಿಗೆ ಮೊಳೆ ಚುಚ್ಚದೆ ಇನ್ನೇನು ಹೂವು ಚುಚ್ಚುತ್ತಾ?" ಎಂದು ಹಾರಿಸಿಬಿಟ್ಟರು.

ನಿನ್ನ ತಮ್ಮ

೩-೭-೮೯

ತಮ್ಮನಿಗೆ,

ನಿನ್ನ ಕಾಗದ ಸೇತುವೆಯ ಹತ್ತಿರದ ಅಂಗಡಿಯಲ್ಲಿ, ಮೇಲಕ್ಕೆ ಹತ್ತುವವರು ಯಾರಾದರೂ ಸಿಗಲಿ ಎಂದು ಕಾದಿತ್ತು. ಕೊನೆಗೆ ಮೇಷ್ಟ್ರು ತಂದುಕೊಟ್ಟರು.

ನಿನ್ನ ಭಾವ ಕೂಗಿ ಹೇಳಿದ್ದು "ಮೇಲೆ ಇರೋದು ನಿನ್ನ ಕೊಡೆ ಅಲ್ವೇನೋ" ಎಂದು. ಅಟ್ಟದ ಮೊಳೆಗೆ ನೇತುಹಾಕಿ ಮರೆತು ಹೋಗಿದ್ದೀಯ. ಇಲ್ಲೇ ಇದೆ.

ಅವರ ಕಾಲು ಹಾಗೇ ಇದೆ. ಸಕ್ಕರೆ ಕಾಯಿಲೆಯವರಿಗೆ ಗಾಯ ಬೇಗ ಮಾಯುವುದಿಲ್ಲವಂತೆ. ಕೂತೇ ಕೆಲಸ ಮಾಡುತ್ತಾರೆ. ನಾನು ಹೊಲಿಗೆ ಮಿಷನ್ನನ್ನು ಅವರ ಕೋಣೆಗೇ ಸರಿಸಿಕೊಂಡಿದ್ದೇನೆ. ಒಂದು ಕಡೆ ಉಳಿ, ಒಂದು ಕಡೆ ಮಿಷನ್, ಮಾತು ಕಡಿಮೆ.

ಮದುವೆಯಾದ ಹೊಸದರಲ್ಲಿ ಅವರು ಮಾಡಿದ ಹೊರುವ ಕುರ್ಚಿ ನಿನಗೆ ನೆನಪಿರಬೇಕು. ಎರಡು ಕಡೆ ಗಳ ಕಟ್ಟಿ ಹೆಗಲು ಕೊಟ್ಟು ಇಳಿಸುತ್ತಿದ್ದರಲ್ಲ, ಅದು. ಊರಲ್ಲಿ ಕಾಯಿಲೆ ಬಿದ್ದವರೆಲ್ಲ ಅದರಲ್ಲೇ ಕೆಳಗಿಳಿದದ್ದು. ಹೋದ ವರ್ಷ ನಮ್ಮೂರ ಅಂಗಡಿಯಮ್ಮನ ಅತ್ತೆಯನ್ನು ಇಳಿಸಿದ್ದೇ ಕೊನೆ. ಗಿಡ್ಡನೂ (ಊರಿಗೇ ಉದ್ದನೆಯವನಿಗೆ ಈ ಹೆಸರು ಇಟ್ಟವರು ಯಾರೋ) ಅವನ ಅಣ್ಣನೂ ಅಂಗಡಿಯಮ್ಮನ ಮಗನೂ ಜಲ್ಲಿ ಕ್ರಷರಿನ ಕೆಲಸಕ್ಕೆ ಹೋದ ಮೇಲೆ ಕುರ್ಚಿ ಗೋಡೆಗೆ ಒರಗಿಕೊಂಡೇ ಇದೆ.

ಈಗ ಇಲ್ಲಿ ನಾಲ್ಕು ಜನ ಬೇಕು ಕಣೋ. ನಿನಗೆ ರಜೆ ಸಿಕ್ಕರೆ, ಅಲ್ಲಿರುವ ನಮ್ಮೂರ ಹುಡುಗರನ್ನೂ ಕರೆದುಕೊಂಡು ಒಂದು ಸಲ ಬಂದು ಹೋದರೆ ಒಳ್ಳೆಯದಿತ್ತು. ನಾನು ಹೀಗೆ ಬರೆದದ್ದು ಅವರಿಗೆ ಗೊತ್ತಿಲ್ಲ.

ನಿನ್ನ ಅಕ್ಕ

೨೦-೭-೮೯

ಅಕ್ಕ,

ಕೊಡೆಯ ವಿಷಯ ಓದಿ ನನ್ನಷ್ಟಕ್ಕೆ ನಾನೇ ನಕ್ಕೆ. ಒಂದು ಕೊಡೆಯ ಮೇಲೆ ಎಷ್ಟೊಂದು ತತ್ವ ಕಟ್ಟಿದ್ದೆ!

ಆದರೆ ನಿನ್ನ ಇನ್ನೊಂದು ಮಾತನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಇಲ್ಲಿ ನಾಲ್ಕು ಜನ ಬೇಕು. ಅಮ್ಮ ನಮ್ಮನ್ನು ಬೆಳೆಸಿದ್ದೇ ಈ ನಾಲ್ಕು ಜನರ ಹೆದರಿಕೆಯಲ್ಲಿ ಅಲ್ಲವೇ? ನಾಲ್ಕು ಜನ ಏನಂದಾರು, ನಾಲ್ಕು ಜನರ ಹಾಗೆ ಇರು, ನಾಲ್ಕು ಜನರ ಎದುರಿಗೆ ಮಾನ ಕಳೀಬೇಡ. ಆ ನಾಲ್ವರು ಯಾರಿರಬಹುದು ಎಂದು ನಾನು ಚಿಕ್ಕವನಾಗಿದ್ದಾಗ ಯೋಚಿಸುತ್ತಿದ್ದೆ. ಮೇಷ್ಟ್ರು ಒಬ್ಬರು, ಅದರಲ್ಲಿ ಸಂಶಯವಿರಲಿಲ್ಲ. ಅಂಗಡಿಯಮ್ಮನ ಅತ್ತೆ ಇನ್ನೊಬ್ಬರು. ಉಳಿದ ಇಬ್ಬರು ಯಾವಾಗಲೂ ಬೆನ್ನು ತಿರುಗಿಸಿ ನಿಂತಿರುತ್ತಿದ್ದರು, ಮುಖ ಕಾಣಿಸುತ್ತಿರಲಿಲ್ಲ. ಈಗ ಅದು ನಾಲ್ಕು ಜನವೂ ಸಿಗದ ಊರಾಯಿತೆಂದು ನೀನು ಬರೆಯುತ್ತೀಯ. ಹೆದರಿಸಲು ಯಾರೂ ಇಲ್ಲದ ಊರಿನಲ್ಲಿ ಮನುಷ್ಯ ಯಾರಿಗಾಗಿ ತಲೆ ಬಾಚಿಕೊಳ್ಳುತ್ತಾನೆ?

ಇಲ್ಲಿ ಜನಕ್ಕೇನೂ ಕಡಿಮೆಯಿಲ್ಲ. ನಿಲ್ದಾಣದಲ್ಲಿ ನಿಂತರೆ ಭುಜಕ್ಕೆ ಭುಜ ತಾಗುತ್ತದೆ. ಅವರನ್ನೆಲ್ಲ ಕೂಡಿಸಿದರೂ ನೀನು ಹೇಳುವ ನಾಲ್ಕು ಜನ ಆಗುವುದಿಲ್ಲ. ಆದ್ದರಿಂದ ನಿನ್ನ ಮಾತು ನನಗೆ ಅರ್ಥವಾಗುತ್ತದೆ, ನೀನು ತಿಳಿದಿರುವುದಕ್ಕಿಂತ ಹೆಚ್ಚೇ ಅರ್ಥವಾಗುತ್ತದೆ.

ಸದ್ಯಕ್ಕೆ ಒಂದು ರೇಡಿಯೋ ಕಳಿಸುತ್ತಿದ್ದೇನೆ. ಪರಿಚಯದ ಕಂಡಕ್ಟರ್ ಸೇತುವೆಯ ತನಕ ತಲುಪಿಸುತ್ತಾನೆ. ಕೋಣೆಯಲ್ಲಿ ಒಂದು ದನಿ ಇದ್ದರೆ ಭಾವನಿಗೂ ಹೊತ್ತು ಹೋಗುತ್ತದೆ. ನನಗೆ ಈಗ ರಜೆ ಸಿಗುವುದಿಲ್ಲ, ಮೈಕಿಗೆ ಬೇರೆ ಜನ ಇಲ್ಲ. ನಮ್ಮೂರ ಹುಡುಗರನ್ನು ಹುಡುಕಿ ವಿಷಯ ಮುಟ್ಟಿಸಿದ್ದೇನೆ. ಎಣಿಸುವ ದಿನ ಎಲ್ಲರೂ ಒಟ್ಟಿಗೆ ಹತ್ತಿ ಬರುತ್ತೇವೆ. ನಾಲ್ಕೇನು, ನಲವತ್ತು ಜನ ಬರುತ್ತೇವೆ ಎಂದು ಭಾವನಿಗೆ ಹೇಳು.

ನಿನ್ನ ತಮ್ಮ

ಆಸ್ಪತ್ರೆಯಿಂದ
೧೬-೮-೮೯

ತಮ್ಮನಿಗೆ,

ರೇಡಿಯೋ ಬಂತು. ಅದನ್ನು ಹೊತ್ತು ತರಲು ಒಬ್ಬ ಸಾಕಾಯಿತು.

ನಾನು ನಾಲ್ಕು ಜನ ಅಂದದ್ದು ಕುರ್ಚಿಗೆ. ಮುಂದೆ ಇಬ್ಬರು, ಹಿಂದೆ ಇಬ್ಬರು. ನಿನ್ನ ಭಾವನನ್ನು ಕೆಳಗಿಳಿಸಬೇಕಿತ್ತು. ಬಿಡಿಸಿ ಬರೆಯಬಹುದಿತ್ತು. ಆದರೆ ನಾನು ಬರೆಯುವಾಗ ಅವರು ಪಕ್ಕದಲ್ಲೇ ಕೂತು "ಏನಂತ ಬರೀತಿದ್ದೀಯೇ?" ಎಂದು ಕೇಳುತ್ತಿದ್ದರು. ನಿಮ್ಮ ಕಾಲು ಕೊಳೆಯುತ್ತಿದೆ ಅಂತ ಬರೀತಿದ್ದೀನಿ ಎನ್ನಲು ನಾಲಿಗೆ ಏಳಲಿಲ್ಲ. ಕುರ್ಚಿಯ ಸುದ್ದಿ ಬರೆದು ಅದರ ಕೆಳಗೇ ನಾಲ್ಕು ಜನ ಅಂದರೆ ನಿನಗೆ ಗೊತ್ತಾಗುತ್ತದೆ ಅಂದುಕೊಂಡೆ.

ನಿನ್ನ ಉತ್ತರಕ್ಕೆ ಕಾದೆ. ಅಷ್ಟರಲ್ಲಿ ಬೆರಳು ಕಪ್ಪಾಗಿ ಜ್ವರ ಬಂತು. ಅಂಗಡಿಯಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಇನ್ನೂ ಯಾರಿಗೆ ಕಾಯ್ತಿದ್ದೀಯೇ?"

"ನಾಲ್ಕು ಜನಕ್ಕೆ."

"ನೀನೊಬ್ಬಳು, ನಾನೊಬ್ಬಳು, ನನ್ನ ಸೊಸೆ ಒಬ್ಬಳು. ಮೇಷ್ಟ್ರಿಗೆ ಹೇಳಿಕಳಿಸು, ಪಾಠ ಹೇಳಿದ್ದು ಸಾಕು ಬನ್ನಿ ಅಂತ."

ಅಷ್ಟು ದಿನ ನಮಗೆ ಇದು ಹೊಳೆದೇ ಇರಲಿಲ್ಲ. ಕುರ್ಚಿಗೆ ನಾಲ್ಕು ಜನ ಎಂದರೆ ಗಂಡಸರು ಎಂದು ಯಾರು ಹೇಳಿದ್ದರೋ ಗೊತ್ತಿಲ್ಲ. ಯಾರೂ ಹೇಳಿರಲಿಲ್ಲ ಅಂತಲೇ ಕಾಣುತ್ತದೆ.

ಮೇಷ್ಟ್ರೂ ನಾನೂ ಮುಂದೆ, ಅಂಗಡಿಯಮ್ಮನೂ ಸೊಸೆಯೂ ಹಿಂದೆ. ಮೇಷ್ಟ್ರು ಎತ್ತರದವರು. ಕುರ್ಚಿ ನನ್ನ ಕಡೆಗೇ ವಾಲುತ್ತಿತ್ತು. "ಮೇಷ್ಟ್ರೇ, ಸ್ವಲ್ಪ ಬಗ್ಗಿ," ಎಂದರು ಇವರು ಜ್ವರದಲ್ಲೇ. "ಜೀವಮಾನವೆಲ್ಲ ಬೇರೆಯವರನ್ನ ಬಗ್ಗಿಸಿದ್ದೀರಿ." ಬಂಡೆಯ ತಿರುವಿನಲ್ಲಿ ನನ್ನ ಕಾಲು ಜಾರಿ ಮಂಡಿಯೂರಿದೆ. ಕುರ್ಚಿ ಬೀಳಲಿಲ್ಲ, ಹಿಂದಿನಿಂದ ಆ ಸೊಸೆ ಹುಡುಗಿ ಎಳೆದು ಹಿಡಿದಿದ್ದಳು. ಇವರು ಸೊಂಟ ಉಜ್ಜಿಕೊಳ್ಳುತ್ತಾ "ಯಾವ ಬಡಗಿ ಮಾಡಿದ್ದೇ ಇದನ್ನ?" ಎಂದರು. "ಹೊತ್ತವರನ್ನ ಕೇಳಿದ್ರೆ ಇನ್ನೂ ಚೆನ್ನಾಗಿ ಬೈತಾರೆ, ಸುಮ್ನೆ ಕೂತ್ಕೊಳ್ಳಿ," ಎಂದಳು ಅಂಗಡಿಯಮ್ಮ. ಸೇತುವೆ ತಲುಪಿ ಬಸ್ಸು ಹಿಡಿದೆವು.

ಡಾಕ್ಟರು "ಇಷ್ಟು ದಿನ ಎಲ್ಲಿದ್ರಿ?" ಎಂದು ಕೇಳಿದರು. "ಮನೇಲಿ," ಎಂದರು ಇವರು. ಮೊದಲೇ ಬಂದಿದ್ದರೆ ಬೆರಳಿಗೇ ಮುಗಿಯುತ್ತಿತ್ತಂತೆ. ಮೊನ್ನೆ ಮಂಡಿಯ ಕೆಳಗಿನಿಂದ ತೆಗೆದರು.

ಇದನ್ನು ಓದಿ ನೀನು ಏನೇನೋ ಅಂದುಕೊಳ್ಳಬೇಡ. ತಲುಪಿಸಬೇಕಾದ ವಿಷಯ, ತಲುಪಿಸಿದ್ದೇನೆ.

ನಿನ್ನ ಅಕ್ಕ

೨೧-೮-೮೯

ಅಕ್ಕ,

ಈ ಸಂಜೆಯ ಬಸ್ಸಿಗೆ ಹೊರಡುತ್ತಿದ್ದೇನೆ. ಕಾಗದಕ್ಕಿಂತ ಮೊದಲು ನಾನೇ ತಲುಪಿದರೂ ತಲುಪಬಹುದು. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅಲ್ಲಿ ಬಂದು ಹೇಳಲು ನನ್ನಿಂದಾಗುವುದಿಲ್ಲ. ಅಕ್ಷರಶಃ ಆಗುವುದಿಲ್ಲ. ಜುಲೈ ಮೊದಲಿನಿಂದ ನನಗೆ ದನಿ ಇಲ್ಲ. ಗಂಟಲಲ್ಲಿ ಗಂಟು, ಅಪಾಯದ್ದಲ್ಲವಂತೆ, ಆದರೆ ಮಾತಾಡಬಾರದು. ಮೈಕಿಗೆ ಬೇರೆ ಜನ ಇಲ್ಲ ಎಂದು ಬರೆದದ್ದು ಸುಳ್ಳು, ನನ್ನನ್ನು ಮೈಕಿನಿಂದ ತೆಗೆದು, ಬಸ್ಸಿನಲ್ಲಿ ಜನ ಬಿಟ್ಟುಹೋದ ಸಾಮಾನಿನ ಕೋಣೆಗೆ ಹಾಕಿದ್ದಾರೆ. ಇಡೀ ದಿನ ಯಾರದೋ ಚೀಲ, ಯಾರದೋ ಚಪ್ಪಲಿಗಳ ನಡುವೆ ಕೂತಿರುತ್ತೇನೆ. ನೀನು ನಾಲ್ಕು ಜನ ಬೇಕು ಎಂದು ಬರೆದಾಗ ನನಗೆ ನನ್ನದೇ ದನಿ ಕೇಳಿಸಿತು. ರೇಡಿಯೋ ಬೇಕಾಗಿದ್ದದ್ದು ನನಗೆ.

ತಮ್ಮ

೩೦-೯-೮೯

ಅಕ್ಕ,

ಆಸ್ಪತ್ರೆಯ ಮಂಚದ ಮೇಲೆ ಭಾವ ಮಾತಾಡುತ್ತಿದ್ದರು, ನಾನು ಚೀಟಿಯಲ್ಲಿ ಉತ್ತರ ಬರೆದು ಕೊಡುತ್ತಿದ್ದೆ, ಅವರು ಕನ್ನಡಕವಿಲ್ಲದೆ ಓದಲಾಗದೆ ನಿನ್ನನ್ನು ಕರೆಯುತ್ತಿದ್ದರು. ನಾವಿಬ್ಬರೂ ಇಷ್ಟು ಮಾತಾಡಿದ್ದು ಇದೇ ಮೊದಲು ಎನಿಸುತ್ತದೆ.

ಆಸ್ಪತ್ರೆಯಿಂದ ಬಂದು ನೀವು ಸೇತುವೆಯ ಹತ್ತಿರ ಬಾಡಿಗೆಗೆ ಹಿಡಿದ ಕೋಣೆ ಸಣ್ಣದಾದರೂ ಬಿಡಬೇಡ. ಗಾಯಕ್ಕೆ ಬಟ್ಟೆ ಕಟ್ಟಿಸಲು ಬಸ್ಸಿನಲ್ಲಿ ಹೋಗಿ ಬರಬಹುದು.

ಎಣಿಸುವವರು ನವೆಂಬರ್ ಮೊದಲ ವಾರ ಬರುತ್ತಾರೆ. ನಾನು ತಿಳಿಯದೆ ಹೇಳಿದ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ನಾವು ನಲವತ್ತು ಜನ ಬಂದರೂ ಪ್ರಯೋಜನವಿಲ್ಲ. ರೇಷನ್ ಕಾರ್ಡು ಇಲ್ಲಿರುವವರನ್ನು ಅಲ್ಲಿ ಬರೆದುಕೊಳ್ಳುವುದಿಲ್ಲ. "ಒಬ್ಬ ಮನುಷ್ಯ ಎರಡು ಕಡೆ ಇರಕ್ಕಾಗಲ್ಲ ಕಣ್ರೀ," ಎಂದರು ಗುಮಾಸ್ತರು. ಎರಡು ಕಡೆಯೂ ಇಲ್ಲದಿರಲು ಆಗುತ್ತದೆ ಎಂದು ನಾನು ಚೀಟಿಯಲ್ಲಿ ಬರೆದು, ಕೊಡದೆ ಜೇಬಿನಲ್ಲಿಟ್ಟುಕೊಂಡು ಬಂದೆ.

ನಿಮ್ಮಿಬ್ಬರದು ಇನ್ನೂ ಊರಿನ ಕಾರ್ಡು. ಆ ದಿನ ಮೇಲೆ ಇದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತೀರಿ, ಅವರು ಕಣ್ಣಿಗೆ ಕಂಡವರನ್ನಷ್ಟೇ ಬರೆದುಕೊಳ್ಳುವುದು. ಅಂಗಡಿಯಮ್ಮ ಹೇಳಿಕಳಿಸಿಯೇ ಕಳಿಸುತ್ತಾಳೆ. ಹೋಗಬೇಡಿ. ಅರ್ಜಿ ಹಾಕಿದವನು ನಾನೇ, ನಾನೇ ಹೇಳುತ್ತಿದ್ದೇನೆ. ಒಂದು ತಲೆಯ ಲೆಕ್ಕಕ್ಕಾಗಿ ಭಾವನನ್ನು ಆ ದಾರಿಯಲ್ಲಿ ಮತ್ತೆ ಹೊರುವುದು ಬೇಡ.

ನಿನ್ನ ತಮ್ಮ

೧೪-೧೧-೮೯

ತಮ್ಮನಿಗೆ,

ನೀನು ಬೇಡ ಎಂದದ್ದನ್ನು ಓದಿ ಹೇಳಿದೆ. ನಾನೂ ಬೇಡ ಎಂದೆ. ಗಾಯ ಇನ್ನೂ ಹಸಿ.

ಇವರು ಕೇಳಲಿಲ್ಲ. ವಿಷಯ ಏನೆಂದರೆ, ಅಂಗಡಿಯಮ್ಮನ ಸೊಸೆ ಬಸುರಿ. ಆಗಸ್ಟಿನಲ್ಲಿ ಕುರ್ಚಿ ಹೊರುವಾಗಲೇ ಆಗಿತ್ತಂತೆ, ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ. ಹೇಳಿದ್ದರೆ ಹೆಗಲು ಕೊಡಲು ಬಿಡುತ್ತಿರಲಿಲ್ಲವಲ್ಲ, ಅದಕ್ಕೇ. "ಅವಳು ಇಬ್ಬರಾಗಿ ನನ್ನ ಹೊತ್ತಿದ್ದಾಳೆ," ಎಂದರು ಇವರು. "ನಾನು ಒಬ್ಬನಾಗಿ ಮೇಲೆ ಹೋಗಿ ಕೂರಕ್ಕಾಗಲ್ವಾ? ದಾರಿ ಆದ್ರೆ ಮೊದಲು ಬೇಕಾಗೋದು ಅವಳಿಗೇ." ನಾನು ಕುರ್ಚಿಗೆ ಗಳ ಕಟ್ಟಲು ಎದ್ದೆ.

ನೀನು ವಿಷಯ ಮುಟ್ಟಿಸಿದ್ದ ಹುಡುಗರಲ್ಲಿ ಇಬ್ಬರು ಬಂದಿದ್ದರು, ಕಾರ್ಡು ಇಲ್ಲದಿದ್ದರೂ. ಗಿಡ್ಡನೂ ಬಂದ. ಮೂವರು ಗಂಡಸರ ಜೊತೆ ನಾಲ್ಕನೆಯವಳು ನಾನು. ಏರುವುದು ಇಳಿಯುವುದಕ್ಕಿಂತ ಸುಲಭ ಎನಿಸಿತು, ಕಾಲು ಜಾರುವ ಭಯವಿಲ್ಲ, ಉಸಿರಿನ ಕಷ್ಟ ಮಾತ್ರ.

ಎಣಿಸುವವರು ಶಾಲೆಯ ಬೆಂಚಿನ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆದರು. ವಯಸ್ಸಾದ ಮನುಷ್ಯ, ಹತ್ತಿ ಬಂದು ಸುಸ್ತಾಗಿ ಶೂ ಬಿಚ್ಚಿಟ್ಟಿದ್ದರು. ಇವರ ಸರದಿ ಬಂದಾಗ "ಕಾಲು ಒಂದು ಕಡಿಮೆ ಇದೆ ಸ್ವಾಮಿ, ತಲೆ ಪೂರ್ತಿ ಇದೆ, ಬರ್ಕೊಳ್ಳಿ," ಎಂದರು. ಆ ಮನುಷ್ಯ ನಗಲಿಲ್ಲ. ಎದ್ದು ಬಂದು ಇವರ ಹೆಸರನ್ನು ನಿಂತುಕೊಂಡೇ ಬರೆದುಕೊಂಡರು.

ಆಮೇಲೆ ಅಂಗಡಿಯಮ್ಮ ಸೊಸೆಯನ್ನು ಮುಂದಕ್ಕೆ ತಳ್ಳಿದಳು.

"ಇವಳನ್ನ ಎರಡು ಅಂತ ಬರ್ಕೊಳ್ಳಿ."

"ಹಾಗೆಲ್ಲ ಬರಲ್ಲಮ್ಮ. ಹುಟ್ಟಿದ ಮೇಲೆ."

"ಹುಟ್ಟಕ್ಕೆ ದಾರಿ ಬೇಕಲ್ಲ ಸ್ವಾಮಿ!"

"ದಾರಿಗೆ ಜನ ಬೇಕಲ್ಲಮ್ಮ."

"ಜನ ಆಗಕ್ಕೆ ಹುಟ್ಟಬೇಕಲ್ಲ!"

ಎಲ್ಲರೂ ನಕ್ಕರು. ಅವರೂ ನಕ್ಕರು. ಹುಡುಗಿ ಮಾತ್ರ ನಗದೆ ಇಳಿಜಾರಿನ ಕಡೆ ನೋಡುತ್ತಾ ನಿಂತಿದ್ದಳು. ಎಣಿಸುವವರು ಹೊರಡುವಾಗ ಮೇಷ್ಟ್ರು "ಸಾಕಾಗುತ್ತಾ?" ಎಂದು ಮೆಲ್ಲಗೆ ಕೇಳಿದರು. ಅವರು ಶೂ ಕಟ್ಟಿಕೊಳ್ಳುತ್ತಾ, ಅದು ತಮ್ಮ ಕೆಲಸವಲ್ಲ, ಕೂಡಿಸುವವರು ಬೇರೆ ಇದ್ದಾರೆ ಎಂದರು.

ನಾವು ಈಗ ಮೇಲೆಯೇ ಇದ್ದೇವೆ. ಇವರು ಇಳಿಯಲು ಒಪ್ಪುತ್ತಿಲ್ಲ. ಬಾಡಿಗೆ ಕೋಣೆಗೆ ಬೀಗ ಹಾಕಿದ್ದೇನೆ, ಬಿಟ್ಟಿಲ್ಲ. ಬಟ್ಟೆ ಕಟ್ಟುವುದನ್ನು ನರ್ಸಮ್ಮ ನನಗೇ ಕಲಿಸಿಕೊಟ್ಟಿದ್ದಾಳೆ.

ನಿನ್ನ ಗಂಟಲು ಹೇಗಿದೆ? ಈ ಸಲ ಮುಚ್ಚಿಡದೆ ಬರೆ.

ನಿನ್ನ ಅಕ್ಕ

೧೦-೧-೯೦

ಅಕ್ಕ,

ಗಂಟು ತೆಗೆದರು. ದನಿ ಬಂದಿದೆ, ನನ್ನದಲ್ಲದ ಹಾಗೆ ಒರಟಾಗಿ.

ಅದರಲ್ಲಿ ಮೊದಲು ಕೇಳಿದ್ದು ನಮ್ಮೂರಿನ ವಿಷಯವನ್ನೇ. ಸಾಲಲಿಲ್ಲವಂತೆ. ಸ್ವಲ್ಪದರಲ್ಲಿ ತಪ್ಪಿತು ಎಂದು ಗುಮಾಸ್ತರು ಸಮಾಧಾನದ ಹಾಗೆ ಹೇಳಿದರು. ಊರು ಬೆಳೆದರೆ ಮತ್ತೆ ಅರ್ಜಿ ಹಾಕಬಹುದಂತೆ. ನಾನು ಅವರ ಜೊತೆ ಜಗಳವಾಡಬೇಕಿತ್ತೇನೋ. ಆ ಮನುಷ್ಯನ ಮುಖದಲ್ಲಿ ಜಗಳಕ್ಕೆ ಜಾಗವಿರಲಿಲ್ಲ.

ನೀವಿಬ್ಬರೂ ಇಲ್ಲಿಗೆ ಬನ್ನಿ ಎಂದು ಬರೆದು ಹೊಡೆದುಹಾಕಿದ್ದೆ. ಮತ್ತೆ ಬರೆಯುತ್ತಿದ್ದೇನೆ. ಬನ್ನಿ.

ತಮ್ಮ

ಸೇತುವೆಯ ಕೋಣೆಯಿಂದ
೨-೨-೯೦

ತಮ್ಮನಿಗೆ,

ಸಾಲಲಿಲ್ಲ ಎಂದು ಓದಿ ಹೇಳಿದಾಗ ನಿನ್ನ ಭಾವ ಕನ್ನಡಕ ಕೇಳಿ ತಾವೇ ಒಂದು ಸಲ ಓದಿದರು. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಗಳದ ಅಳತೆ ತೆಗೆಯಲು ಕೂತರು. ಮೇಷ್ಟ್ರ ಹೆಗಲಿಗೂ ನನ್ನ ಹೆಗಲಿಗೂ ಒಂದೇ ಎತ್ತರಕ್ಕೆ ಬರುವ ಹಾಗೆ ಒಂದು ಕಡೆ ಪಟ್ಟಿ ಕೂರಿಸಿದ್ದಾರೆ.

ಅದು ಕೆಲಸಕ್ಕೆ ಬರಲಿಲ್ಲ. ಮೇಷ್ಟ್ರಿಗೆ ವರ್ಗವಾಯಿತು. ಶಾಲೆಯಲ್ಲಿ ಮಕ್ಕಳು ಸಾಲುತ್ತಿಲ್ಲವಂತೆ. ಗಿಡ್ಡ, ಹುಡುಗರು, ಎಲ್ಲ ಎಣಿಕೆಯ ಮರುದಿನವೇ ಇಳಿದು ಹೋಗಿದ್ದರು. ಅಂಗಡಿಯಮ್ಮನಿಗೆ ಮಂಡಿ ಊದಿದೆ. ಹೆರಿಗೆ ನೋವು ಶುರುವಾದ ಮೇಲೆ ಅವಳ ಸೊಸೆಯನ್ನು ಹೊರುವವರು ಯಾರು? ಅದಕ್ಕೇ ನಡೆಯಲು ಆಗುವಾಗಲೇ ನಾನು ಅವಳನ್ನು ಕೈ ಹಿಡಿದು ಇಳಿಸಿಕೊಂಡು ಬಂದೆ. ಬಂಡೆಯ ತಿರುವಿನಲ್ಲಿ ಇಬ್ಬರೂ ಕೂತೇ ಸರಿದೆವು. ನಿನ್ನ ಭಾವ ಮೇಲೆಯೇ ಇದ್ದಾರೆ, ಅಂಗಡಿಯಮ್ಮ ಊಟಕ್ಕೆ ನೋಡಿಕೊಳ್ಳುತ್ತಾಳೆ.

ನೀನು ಕರೆದದ್ದಕ್ಕೆ ಬರುತ್ತೇವೆ ಎನ್ನಲಾರೆ, ಬರುವುದಿಲ್ಲ ಎಂದೂ ಬರೆಯಲಾರೆ.

ಇಲ್ಲಿ ಕಿಟಕಿಯ ಕೆಳಗೇ ಬಸ್ಸು ನಿಲ್ಲುತ್ತದೆ. ಮೊದಲ ಎರಡು ದಿನ ಹುಡುಗಿ ಪ್ರತಿ ಹಾರನ್ನಿಗೂ ಬೆಚ್ಚಿದಳು. ಈಗ ಯಾವ ಬಸ್ಸು ಎಂದು ನೋಡದೆಯೇ ಹೇಳುತ್ತಾಳೆ. ನಿನ್ನೆ ಬಟ್ಟೆ ಮಡಿಸುತ್ತಾ ಕೇಳಿದಳು:

"ದೊಡ್ಡಮ್ಮ, ಆದ ಮೇಲೂ ಇಲ್ಲೇ ಇದ್ದುಬಿಟ್ರೆ?"

"ನಿನ್ನ ಅತ್ತೆ?"

"ಅವರೂ ಇಳಿದು ಬರಲಿ."

"ಆಮೇಲೆ ಮೇಲೆ ಯಾರಿರ್ತಾರೆ?"

ಅವಳು ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸಿದಳು. ತಪ್ಪೇನೂ ಕೇಳಿರಲಿಲ್ಲ ಅವಳು. ಮಲಗು ಎಂದು ಮಲಗಿಸಿ ಹೊಟ್ಟೆಯ ಮೇಲೆ ಕೈ ಇಟ್ಟೆ. ಒದ್ದಿತು, ಜೋರಾಗಿಯೇ ಒದ್ದಿತು. ಅವಳಿಗೆ ಕೇಳಿಸದ ಹಾಗೆ, ಯಾವ ಲೆಕ್ಕದಲ್ಲೂ ಇನ್ನೂ ಇಲ್ಲದ ಅದನ್ನೇ ಕೇಳಿದೆ: ನೀನು ಹತ್ತಿ ಬರ್ತೀಯೇನೋ ಮಗೂ, ಇಲ್ಲ ನಾವೇ ಇಳಿದು ಬರೋಣವಾ?